ದಯಮಾಡಿಸು ಪದದ ಮೂರನೆಯ ಅರ್ಥ

ನಿಘಂಟಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: ದಿನಕ್ಕೆ ಎಷ್ಟು ಪದ ಮುಗಿಯುತ್ತದೆ? ಹಂಚಿನ ಕಾರ್ಖಾನೆಯಲ್ಲಿ ದಿನಕ್ಕೆ ಎಷ್ಟು ಹಂಚು ಎಂದು ಕೇಳಿದ ಹಾಗೆ. ನಾನು ಕೊಡುವ ಉತ್ತರವೂ ಒಂದೇ. ಬರುವುದಕ್ಕೆ ಸಂಬಂಧಪಟ್ಟ ಪದಗಳ ಒಂದು ಕಟ್ಟಿಗೆ ನಮಗೆ ಹನ್ನೊಂದು ತಿಂಗಳು ಹಿಡಿಯಿತು, ಆದರೂ ಅದರಲ್ಲೊಂದು ಸುಳ್ಳು ಉಳಿಯಿತು. ಇಷ್ಟು ಕೇಳಿ ಅರ್ಧ ಜನ ಎದ್ದು ಹೋಗುತ್ತಾರೆ. ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಜೇಶ್ವರದವಳು. ತಿರುವನಂತಪುರದ ಒಂದು ಸಂಸ್ಥೆಯ ಕನ್ನಡ–ಮಲಯಾಳ ನಿಘಂಟು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದೆ. ಈಗ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ಮೊಮ್ಮಗನಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎಂಬ ಪುರಾಣ ಇಲ್ಲಿ ಬೇಡ. ಅದು ಸಂಸ್ಥೆಯ ಕಡತದಲ್ಲಿದೆ, ಅಲ್ಲಿಯೂ ಯಾರೂ ಓದುವುದಿಲ್ಲ.

ಮೊದಲು ಕೆಲಸದ ಪದ್ಧತಿ ಹೇಳುತ್ತೇನೆ. ಅಂಗೈ ಅಗಲದ ಚೀಟಿ. ಮೇಲೆ ಪದ, ಕೆಳಗೆ ಆ ಪದವನ್ನು ಯಾರಾದರೂ ನಿಜವಾಗಿ ಬಳಸಿದ ಒಂದು ವಾಕ್ಯ. ಆ ವಾಕ್ಯಕ್ಕೆ ನಾವು ಪ್ರಯೋಗ ಎನ್ನುತ್ತಿದ್ದೆವು. ಪ್ರಯೋಗ ಪುಸ್ತಕದ್ದಾದರೆ ಪುಟದ ಸಂಖ್ಯೆ ಬೇಕು. ಬಾಯಿಮಾತಿನದ್ದಾದರೆ ಅಂದವರ ಹೆಸರು, ಅವರ ಊರು, ಯಾರಿಗೆ ಅಂದರು ಎಂಬ ಮೂರು ವಿವರ ಬೇಕು. ಈ ಮೂರಿಲ್ಲದ ಚೀಟಿಯನ್ನು ನಮ್ಮ ಪ್ರಧಾನ ಸಂಪಾದಕರಾದ ಕುರುಪ್ ಸಾರ್ ಓದುತ್ತಲೇ ಇರಲಿಲ್ಲ, ಬುಟ್ಟಿಗೆ ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು. ಮೈಸೂರಿನಲ್ಲಿ ಓದಿದ ಮಲಯಾಳಿ ಅವರು. ನಮಗಿಂತ ಚೊಕ್ಕವಾದ ಕನ್ನಡ ಮಾತಾಡಿ ನಮ್ಮನ್ನು ನಾಚಿಸುತ್ತಿದ್ದರು. ಅಚ್ಚಾಗುವುದು ಅಕಾರಾದಿಯಾಗಿಯೇ ಆದರೂ ಪದಗಳ ಕೆಲಸವನ್ನು ಗುಂಪುಗುಂಪಾಗಿ ಮಾಡಿಸುವುದು ಅವರ ಕ್ರಮ. ಅಡುಗೆಯ ಪದಗಳು ಒಂದು ಕಟ್ಟು, ಸಿಟ್ಟಿನ ಪದಗಳು ಒಂದು ಕಟ್ಟು. ನನಗೆ ಸಿಕ್ಕಿದ್ದು ಬರುವ ಪದಗಳ ಕಟ್ಟು.

ಸೇರಿದ ಹೊಸತರಲ್ಲೇ ಒಂದು ಎಡವಟ್ಟು ಮಾಡಿದೆ. ಮಲಯಾಳದ ‘ಎಳುನ್ನಳ್ಳತ್ತ್’ ಎಂಬ ಪದಕ್ಕೆ ‘ಮೆರವಣಿಗೆ’ ಎಂದು ಬರೆದು ಕೊಟ್ಟೆ. ಕುರುಪ್ ಸಾರ್ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು, “ಮೆರವಣಿಗೆ ನೀವು ನೋಡಿದ್ದು. ಪದ ಹೇಳುವುದು ಅದನ್ನಲ್ಲ. ನಾಳೆ ರಸ್ತೆಯ ಬದಿ ಹೋಗಿ ನಿಂತುಕೊಳ್ಳಿ” ಎಂದರು. ನಾಳೆ ಎಂದರೆ ಸುತ್ತಮುತ್ತಲಿನ ಒಂದು ದೇವಸ್ಥಾನದ ಉತ್ಸವದ ದಿನ. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತೆ. ಆನೆ ಬಂತು. ನಾನು ಪಕ್ಕದಲ್ಲಿದ್ದ ಮುದುಕಿಯನ್ನು, “ಅಮ್ಮಚ್ಚೀ, ಎಳುನ್ನಳ್ಳತ್ತ್ ಬಂತಲ್ಲ?” ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, “ಆನೆ ಬಂದಿದೆ ಮೋಳೇ. ದೇವರು ಇನ್ನೂ ಎಳುನ್ನಳ್ಳಿಲ್ಲ” ಎಂದಳು. ಆನೆ ಬರಿದೇ ಬರುತ್ತದೆ, ಅದರ ಮೇಲೆ ತಿಡಂಬು, ಅಂದರೆ ಉತ್ಸವಮೂರ್ತಿ, ಏರಿದಾಗಲೇ ದೇವರು ಎಳುನ್ನಳ್ಳುವುದು. ಮುದುಕಿಯ ಹೆಸರು, ಊರು ಬರೆದುಕೊಂಡು ಬಸ್ಸು ಹಿಡಿದೆ. ಕುರುಪ್ ಸಾರ್ ಚೀಟಿ ಓದಿ ಒಂದು ಚಹಾ ತರಿಸಿಕೊಟ್ಟರು. ಅವರ ಕೈಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಪಡೆದಿಲ್ಲ.

ಆಮೇಲೆ ಆ ಕಟ್ಟು ನನ್ನನ್ನು ಬಿಡಲಿಲ್ಲ. ಕೊಚ್ಚಿಯ ಒಂದು ಕಾನ್ವೆಂಟಿನಿಂದ ಸಿಸ್ಟರ್ ಒಬ್ಬರು ಪತ್ರ ಬರೆದು, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಕ್ಕೆ ಆಗಮನಕಾಲ ಎನ್ನುತ್ತೇವಲ್ಲ, ಅದು ಎಲ್ಲಿಂದ ಬಂದ ಮಾತು ಎಂದು ಕೇಳಿದರು. ಎರಡು ವಾರ ಹುಡುಕಿ ಉತ್ತರ ಬರೆದೆ. ಗಮನ ಎಂದರೆ ಹೋಗುವುದು, ಅದರ ಮುಂದೆ ಒಂದು ‘ಆ’ ಕೂಡಿಸಿದರೆ ಹೋಗುವವನು ನಮ್ಮ ಕಡೆಗೆ ತಿರುಗುತ್ತಾನೆ. ಚರ್ಚಿನವರು ಅದನ್ನು ಅಡ್ವೆಂಟ್ ಎಂಬುದಕ್ಕೆ ಇಟ್ಟುಕೊಂಡರು. ಅಡ್ವೆಂಟ್‌ನ ಬೇರು ಲ್ಯಾಟಿನ್ನಿನಲ್ಲಿದೆ. ರೋಮಿನವರು ಚಕ್ರವರ್ತಿ ಒಂದು ಊರನ್ನು ವೈಭವದಿಂದ ಪ್ರವೇಶಿಸುವುದಕ್ಕೆ ಅದೇ ಮಾತನ್ನು ಬಳಸುತ್ತಿದ್ದರಂತೆ, ಊರವರು ಬಾಗಿಲಿಗೆ ಹೋಗಿ ಎದುರುಗೊಳ್ಳುತ್ತಿದ್ದರಂತೆ. ಇದನ್ನು ಬರೆಯುತ್ತಿದ್ದ ಹಾಗೆ ನನಗೆ ಎಲ್ಲವೂ ಒಂದೇ ಸಾಲಿಗೆ ಬಂದಂತಾಯಿತು. ಎಳುನ್ನಳ್ಳುವುದು ಎಂದರೆ ಎದ್ದು ಕೃಪೆ ತೋರುವುದು. ಕನ್ನಡದ ದಯಮಾಡಿಸುವುದೂ ಕೃಪೆಯೇ. ಹಳಗನ್ನಡದ ಬಿಜಯಂಗೈಯುವುದರಲ್ಲಿ ಕೃಪೆಯ ಬದಲು ವಿಜಯ ಇದೆ. ದೊಡ್ಡವರು ಕಾಲಿಟ್ಟರೆ ಅದು ಕೃಪೆ ಅಥವಾ ವಿಜಯ. ನಾವು ನೀವು ಬರುತ್ತೇವೆ, ಅಷ್ಟೆ.

ಹಾಗಾದರೆ ದೊಡ್ಡವರ ಈ ಪದ ಸಣ್ಣವರ ಬಾಯಲ್ಲಿ ಎಲ್ಲಿಯವರೆಗೆ ಇಳಿದಿದೆ ಎಂದು ನೋಡಬೇಕಿತ್ತು. ಕೊಚ್ಚಿಯ ಹತ್ತಿರದ ಅಂಬಲಮುಗಳ್‌ಗೆ ಹೋದೆ. ಅಲ್ಲಿಯ ತೈಲ ಶುದ್ಧೀಕರಣದ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆಂದು ಬಾಗಲಕೋಟೆ ಕಡೆಯವರು ಬಂದಿದ್ದರು. ಗೇಟಿನ ಹೊರಗಿನ ಚಹಾದ ಅಂಗಡಿಯಲ್ಲಿ ನಾನು ಚೀಟಿ ಬಿಚ್ಚಿ ಕೂತಾಗ ವೆಲ್ಡರ್ ಒಬ್ಬ ಕೈಕಟ್ಟಿ ನಿಂತು ಕೇಳಿದ.

“ಅಕ್ಕಾರ, ಏನ್ ಬರಕೊಳ್ಳಾಕತ್ತೀರಿ?”

“ಯಾರಾದರೂ ಬಂದರೆ ನೀವು ಎಂತ ಹೇಳ್ತೀರಿ ಅಂತ.”

“ಸಾಹೇಬ್ರು ಬಂದ್ರು ಅಂತೀವಿ. ಬಸ್ ಬಂತು ಅಂತೀವಿ. ಇಷ್ಟಕ್ಕ ತಿರುವನಂತಪುರದಿಂದ ಬಂದ್ರೇನು?”

“ದಯಮಾಡಿಸು ಅಂತ ಹೇಳುದುಂಟಾ?”

ಅವನು ನಕ್ಕ. “ಅಂತೀವ್ರಿ. ಪಾಳಿಗೆ ತಡಾ ಮಾಡಿ ಬಂದಾವಗ. ‘ಈಗ ದಯಮಾಡಿಸಿದ್ರಾ ಸಾಹೇಬ್ರು’ ಅಂತ.”

ಹೀಗೆ ಆ ಪದದ ಎರಡನೆಯ ಅರ್ಥ ಸಿಕ್ಕಿತು. ಮೊದಲನೆಯದು ಗೌರವ, ಎರಡನೆಯದು ಕುಟುಕು. ನಾನು ಅವನ ಹೆಸರು ಕೇಳಿದ್ದಕ್ಕೆ ಅವನು, “ಪುಸ್ತಕದಾಗ ಬರ್ತೈತೇನ್ರಿ?” ಎಂದು ಎರಡು ಸಲ ಕೇಳಿ, ಅಪ್ಪನ ಹೆಸರನ್ನೂ ಸೇರಿಸಿ ಹೇಳಿದ. ಜನ ತಮ್ಮ ಮಾತನ್ನು ನಮಗೆ ನಂಬಿ ಕೊಡುತ್ತಾರೆ. ಹೊಸಬರು ಇದೊಂದನ್ನು ನೆನಪಿಟ್ಟರೆ ಸಾಕು, ಉಳಿದದ್ದನ್ನು ಕೆಲಸವೇ ಕಲಿಸುತ್ತದೆ.

ಆ ದಿನಗಳಲ್ಲಿ ನನ್ನ ಕೈಕೆಳಗೆ ಶಶಿಧರನ್ ಎಂಬ ಸಹಾಯಕ ಸಂಪಾದಕನಿದ್ದ. ಚುರುಕು. ಬೋಟುಗಳು ದಡಕ್ಕೆ ಬರುವುದಕ್ಕೆ ಏನೆನ್ನುತ್ತಾರೆ ಎಂದು ತಿಳಿದು ಬಾ ಎಂದು ಅವನನ್ನು ಕೊಚ್ಚಿಯ ಬಂದರಿಗೆ ಕಳಿಸಿದ್ದೆ. ಅವನು ತಂದ ಚೀಟಿಗಳು ವಿಪರೀತ ಚೆಂದವಾಗಿದ್ದವು. ಮಲ್ಪೆಯಿಂದ ಬಂದ ಬೋಟಿನವನೊಬ್ಬ ಅಂದದ್ದಂತೆ, ಹೆಸರು ಊರು ಎಲ್ಲ ಇತ್ತು. ಜನ ಅಷ್ಟು ಚೆಂದ ಮಾತಾಡುವುದಿಲ್ಲ ಎಂದು ನನ್ನ ಮೂಗಿಗೆ ವಾಸನೆ ಬಡಿಯಿತು. ನಾನೇ ಬಂದರಿಗೆ ಹೋಗಿ ಎರಡು ದಿನ ವಿಚಾರಿಸಿದೆ. ಅಂಥ ಮನುಷ್ಯನೇ ಇರಲಿಲ್ಲ. ಶಶಿ ಆ ವಾರ ತಂಗಿಯ ಮದುವೆಯ ಓಡಾಟದಲ್ಲಿದ್ದು, ಮನೆಯಲ್ಲಿ ಕೂತೇ ಚೀಟಿ ಬರೆದಿದ್ದ. ನಾನು ಲಿಖಿತ ದೂರು ಕೊಟ್ಟೆ. ಅವನು ಮೂರು ವರ್ಷ ಕರಡು ತಿದ್ದುವ ಕೋಣೆಯಲ್ಲಿ ಕೂತ. ಸರಿಯಾದದ್ದನ್ನೇ ಮಾಡಿದೆ ಎಂದು ಇವತ್ತಿಗೂ ಹೇಳುತ್ತೇನೆ.

ಆ ಕೋಣೆಯಲ್ಲೇ ಅವನು ಕಂಪ್ಯೂಟರ್ ಕಲಿತ. ಕುರುಪ್ ಸಾರ್ ನಿವೃತ್ತರಾಗಿ ನಾನು ವಿಭಾಗ ನೋಡಿಕೊಳ್ಳುವ ಹೊತ್ತಿಗೆ ಚೀಟಿಗಳ ಕಾಲ ಮುಗಿಯುತ್ತ ಬಂದಿತ್ತು. ಎಲ್ಲವನ್ನೂ ಟೈಪು ಮಾಡಿ ಒಳಗೆ ಹಾಕಬೇಕು, ಅದಕ್ಕೆ ಶಶಿಯೇ ಬೇಕು. ವಾಪಸ್ ಕರೆಸಿಕೊಂಡೆ. ಅವನು ಹಳೆಯದನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಚೀಟಿ ಹೋದದ್ದಕ್ಕೆ ಅಳುವವರಲ್ಲಿ ನಾನಿಲ್ಲ. ಗೆದ್ದಲು ತಿಂದ ಡ್ರಾಯರುಗಳನ್ನು ನೋಡಿದವರು ಯಾರೂ ಅಳುವುದಿಲ್ಲ.

ಇನ್ನು ನನ್ನ ಸುಳ್ಳಿಗೆ ಬರುತ್ತೇನೆ. ದಕಾರದ ಸಂಪುಟ ಅಚ್ಚಿಗೆ ಹೋಗಲು ನಾಲ್ಕು ದಿನ ಉಳಿದಿತ್ತು. ದಯಮಾಡಿಸು ಪದಕ್ಕೆ ಎರಡು ಅರ್ಥ ಕೊಟ್ಟಾಗಿತ್ತು. ಮೂರನೆಯದೊಂದು ಇದೆ, ಪ್ರೀತಿಯದ್ದು, ಮುದ್ದಿನದ್ದು ಎಂದು ನನ್ನ ಮನಸ್ಸು ಹಟ ಹಿಡಿದಿತ್ತು. ಪ್ರಯೋಗ ಸಿಕ್ಕಿರಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತು ಬರೆದೆ: “ಇಷ್ಟು ವರ್ಷ ಕಾಯಿಸಿ ಈಗ ದಯಮಾಡಿಸಿದ್ದಾಳೆ ನೋಡಿ ನಮ್ಮ ರಾಣಿ.” ಕೆಳಗೆ, ‘ಹೆರಿಗೆಯಾದ ಮನೆಯಲ್ಲಿ ಮಗುವನ್ನು ಎತ್ತಿಕೊಂಡು ಒಬ್ಬ ಮುದುಕಿ’ ಎಂದು ಬರೆದೆ. ಅಂಥ ಮುದುಕಿ ಇರಲಿಲ್ಲ. ಚೀಟಿ ನೋಡಿ ಒಪ್ಪುವವಳೂ ನಾನೇ ಆದ್ದರಿಂದ ಯಾರೂ ತಡೆಯಲಿಲ್ಲ. ಶಶಿಯ ಎಲೆಯ ನೊಣವನ್ನು ಬಂದರಿನವರೆಗೆ ಹುಡುಕಿಕೊಂಡು ಹೋದವಳ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು. ಸಂಪುಟ ಬಂತು, ನಾನು ನಿವೃತ್ತಳಾದೆ, ಮರೆತೇಬಿಟ್ಟೆ ಎಂದರೂ ತಪ್ಪಿಲ್ಲ.

ಹೋದ ವರ್ಷ ಒಂದು ಫೋನ್ ಬಂತು. ಹೆಸರು ರುಕ್ಸಾನಾ, ಗದಗದವಳು, ತಿರುವನಂತಪುರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ, ಕಳಕ್ಕೂಟಂನ ಹಾಸ್ಟೆಲಿನಲ್ಲಿದ್ದಾಳೆ. ಸಂಸ್ಥೆಯಿಂದ ನನ್ನ ನಂಬರು ಪಡೆದಿದ್ದಳು. ಕನ್ನಡ, ಮಲಯಾಳದಲ್ಲಿ ಬರುವುದನ್ನು ಹೇಳುವ ಗೌರವದ ಪದಗಳೇ ಅವಳ ವಿಷಯ. ಮರುವಾರ ಎಡಪ್ಪಳ್ಳಿಗೆ ಬಂದಳು. ತೆಳ್ಳಗಿನ ಹುಡುಗಿ, ಮಾತು ಗಟ್ಟಿ. ಬ್ಯಾಗಿನಿಂದ ದಕಾರದ ಸಂಪುಟದ ಜೆರಾಕ್ಸ್ ತೆಗೆದಳು. ಮೂರನೆಯ ಅರ್ಥದ ಕೆಳಗೆ ಹಸಿರು ಗೆರೆ ಎಳೆದಿತ್ತು.

“ಮೇಡಂ, ಅರಮನೀ ಪದ ತೊಟ್ಟಿಲಿಗೆ ಇಳಿದೈತಿ ಅಂತ ತೋರಿಸೋದು ಇದೊಂದ ವಾಕ್ಯರಿ. ನನ್ನ ಮೂರನೇ ಅಧ್ಯಾಯ ಪೂರಾ ಇದರ ಮ್ಯಾಲೆ ನಿಂತೈತಿ. ಎರಡು ತಿಂಗಳದಾಗ ಪ್ರಬಂಧ ಕೊಡಬೇಕು, ಇಲ್ಲಂದ್ರ ನನ್ನ ನೋಂದಣಿ ಮುಗೀತೈತಿ. ಗೈಡ್ ಅಂತಾರ, ಅಂದವರ ಹೆಸರು, ಊರು ಬೇಕ ಬೇಕು ಅಂತ. ಆ ಅಜ್ಜಿ ಯಾರ್ರೀ?”

ನಾನು ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅಷ್ಟು ವರ್ಷ ಕಾಪಾಡಿಕೊಂಡ ಹೆಸರು ಬಾಯಿ ಕಟ್ಟಿತು.

“ಅವರು ತೀರಿಹೋದರು” ಎಂದೆ.

“ಯಾ ಊರ್ರೀ?”

“ಮಂಜೇಶ್ವರದ ಕಡೆ.”

“ಮಕ್ಕಳು, ಮೊಮ್ಮಕ್ಕಳು ಇರ್ತಾರಲ್ರೀ. ನೆರೆಯವರು ಇರ್ತಾರ. ರೂಢಿ ಅಂದಮ್ಯಾಲೆ ಒಬ್ಬರ ಬಾಯಾಗ ಇರಂಗಿಲ್ಲ” ಎಂದು ಅವಳು ಚಹಾ ಕುಡಿದು ಎದ್ದಳು. ಮರುದಿನವೇ ಉತ್ತರದ ರೈಲು ಹತ್ತಿದಳು.

ಐದು ದಿನ ಅವಳು ನನ್ನ ಊರಿನಲ್ಲಿ ಮನೆಮನೆ ತಿರುಗಿದಳು. ದಿನವೂ ಸಂಜೆ ಫೋನ್ ಮಾಡುತ್ತಿದ್ದಳು. ಮೊದಲ ದಿನ ಹುರುಪಿತ್ತು. ಮೂರನೆಯ ದಿನ ಕಾಲು ಬಾತಿದೆ ಎಂದಳು. ಐದನೆಯ ದಿನ, “ಯಾರೂ ಹಂಗ ಅನ್ನಂಗಿಲ್ರಿ ಮೇಡಂ. ಮಗು ಹುಟ್ಟಿದ್ರ ‘ಮಗು ಆಯ್ತು’ ಅಂತಾರ, ಅಷ್ಟ. ನಾನ ಸರಿಯಾಗಿ ಕೇಳಾಕತ್ತಿಲ್ಲೇನೋ. ಇನ್ನೂ ನಾಕು ದಿನ ಇದ್ದು ನೋಡ್ತೀನಿ” ಎಂದಳು. ತಪ್ಪು ತನ್ನದೇ ಎಂದುಕೊಂಡು ಅವಳು ಹುಡುಕುತ್ತಿದ್ದುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ನೀನು ಸರಿಯಾಗಿಯೇ ಕೇಳಿದ್ದಿ. ಇನ್ನು ಯಾರನ್ನೂ ಕೇಳ್ಬೇಡ. ಸೀದಾ ನಮ್ಮ ಮನೆಗೆ ಬಾ” ಎಂದೆ.

ಅವಳು ಬಂದು ಸೋಫಾದ ತುದಿಯಲ್ಲಿ ಕೂತಳು. ನಾನು ಸುತ್ತಿ ಬಳಸದೆ ಹೇಳಿದೆ: ಮುದುಕಿ ಇಲ್ಲ, ವಾಕ್ಯ ನನ್ನದು. ಅವಳು ಜೆರಾಕ್ಸ್ ಹಾಳೆಯನ್ನು ನನ್ನ ಕಡೆಗೆ ಸರಿಸಿದಳು. “ಯಾಕ್ರೀ?” ಎಂದು ಮಾತ್ರ ಕೇಳಿದಳು.

ಅಚ್ಚಿನ ಅವಸರ ಎಂದು ಹೇಳಲು ಬಾಯಿ ತೆರೆದೆ. ಅದು ಅರ್ಧ ಸತ್ಯ. ಉಳಿದರ್ಧವನ್ನೂ ಹೇಳಿದೆ. ನನ್ನ ಮಗಳು ಒಂಬತ್ತು ವರ್ಷ ಕಾದಮೇಲೆ ಹುಟ್ಟಿದವಳು. ತಿರುವನಂತಪುರದ ಆಸ್ಪತ್ರೆಗೆ ನನ್ನ ಅತ್ತೆ ಬಂದರು, ಬಟ್ಟೆ ಸರಿಸಿ ನೋಡಿದರು, “ಹೆಣ್ಣು” ಎಂದು ಮತ್ತೆ ಹೊದಿಸಿದರು. ಯಾರೂ ಮಗುವನ್ನು ಎತ್ತಿಕೊಳ್ಳಲಿಲ್ಲ. ಆ ಕೋಣೆಯಲ್ಲಿ ಯಾರಾದರೂ ಏನನ್ನು ಹೇಳಲಿ ಎಂದು ನಾನು ಕಾಯುತ್ತಿದ್ದೆನೋ ಅದನ್ನೇ ಆ ಮಧ್ಯಾಹ್ನ ಚೀಟಿಯಲ್ಲಿ ಬರೆದೆ. ನಿಘಂಟಿನಲ್ಲಿ ಸೇರಿದರೆ ಅದು ನಡೆದ ಹಾಗೆ ಆಗುತ್ತದೆ ಎಂದುಕೊಂಡೆನೋ ಏನೋ. ಮಗಳು ಅಡುಗೆಮನೆಯಲ್ಲಿದ್ದಳು. ಕುಕ್ಕರಿನ ಕೆಳಗಿನ ಬೆಂಕಿ ಆರಿಸಿದ ಸದ್ದು ಕೇಳಿತು. ಅವಳಿಗೂ ಇದು ಹೊಸದು.

ರುಕ್ಸಾನಾ ಕಣ್ಣೊರೆಸಿಕೊಂಡಳು. ಕರುಣೆಯಿಂದಲ್ಲ, ಸಿಟ್ಟಿನಿಂದ. “ವಾಕ್ಯ ಭಾಳ ಚಂದ ಐತ್ರಿ ಮೇಡಂ. ಚಂದ ಐತಂತನ ನಂಬಿದೆ. ನನ್ನ ಎರಡು ವರ್ಷ ಅದರಾಗ ಹೋತು.” ಕ್ಷಮೆ ಕೇಳಿದೆ. ಅವಳು ಸರಿ ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಇಬ್ಬರೂ ತಿರುವನಂತಪುರಕ್ಕೆ ಹೊರಟೆವು. ಈಗ ವಿಭಾಗದ ಮುಖ್ಯಸ್ಥ ಶಶಿಧರನ್. ಅವನ ಎದುರು ನಿಂತು ಹೇಳುವುದು ನನಗೆ ರುಕ್ಸಾನಾಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ನನಗೆ ಗೊತ್ತಿತ್ತು ಚೇಚ್ಚಿ” ಎಂದ. “ಟೈಪು ಮಾಡುವಾಗಲೇ ಗೊತ್ತಾಯಿತು. ಅದರಲ್ಲಿ ಹೆಸರಿಲ್ಲ, ಊರಿಲ್ಲ. ನೀವು ಊರಿನ ಹೆಸರು ಬರೆಯದೆ ಬಿಡುವವರಲ್ಲ.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ದಿ?”

“ನಿಮ್ಮ ಮೇಲೆ ದೂರು ಬರೆದರೆ ಸೇಡು ತೀರಿಸಿಕೊಂಡ ಅಂತ ಆಗ್ತಿತ್ತು. ನೀವೇ ಬಂದು ಹೇಳಲಿ ಅಂತ ಕಾದೆ. ನೀವು ಬರಲಿಲ್ಲ. ಮೂರನೇ ಅರ್ಥವನ್ನು ಯಾರು ಓದ್ತಾರೆ ಅಂತ ನಾನೂ ಬಿಟ್ಟೆ.” ಅವನು ರುಕ್ಸಾನಾ ಕಡೆ ತಿರುಗಿ, “ಇವರು ಓದಿದರು. ತಪ್ಪು ನನ್ನದೂ ಇದೆ” ಎಂದ.

ಅವಳು ನಮ್ಮಿಬ್ಬರನ್ನೂ ನೋಡಿದಳು. ತಲೆ ನರೆತ ಇಬ್ಬರು ಬಚ್ಚಿಟ್ಟದ್ದನ್ನು ಹೊತ್ತು ಅವಳು ಬಿಸಿಲಲ್ಲಿ ಅಲೆದಿದ್ದಳು. ತಿದ್ದುಪಡಿಯ ಅರ್ಜಿಯಲ್ಲಿ ‘ಮೂರನೆಯ ಅರ್ಥಕ್ಕೆ ಆಧಾರವಿಲ್ಲ, ಪ್ರಯೋಗ ಸಂಪಾದಕಿಯ ಸ್ವಂತ ರಚನೆ, ತೆಗೆದುಹಾಕುವುದು’ ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಅದರ ಪ್ರತಿಯನ್ನು ಹಿಡಿದುಕೊಂಡು ಮೂವರೂ ಅವಳ ಗೈಡ್ ಬಳಿ ಹೋದೆವು. ಮಾತಾಡಿದವಳು ನಾನು. ಗೈಡ್ ನನಗೆ ಕುರ್ಚಿ ಕೊಡಲಿಲ್ಲ, ಅದು ಸರಿಯೇ. ಅವಳಿಗೆ ಇನ್ನೂ ಆರು ತಿಂಗಳ ಅವಧಿ ಕೊಡಿಸಿದರು.

ಆ ಆರು ತಿಂಗಳಲ್ಲಿ ಅವಳು ಅಧ್ಯಾಯವನ್ನು ಬುಡಮೇಲು ಮಾಡಿದಳು. ಮಂಜೇಶ್ವರದಲ್ಲಿ ಐದು ದಿನ ಯಾರೂ ಹಾಗೆ ಅನ್ನುವುದಿಲ್ಲ ಎಂದು ಬರೆದುಕೊಂಡ ಪುಸ್ತಕವೇ ಅವಳಿಗೆ ಆಧಾರವಾಯಿತು. ಅರಮನೆಯ ಪದ ಕುಟುಕಿನವರೆಗೆ ಇಳಿಯಿತು, ತೊಟ್ಟಿಲವರೆಗೆ ಇಳಿಯಲಿಲ್ಲ, ಹುಟ್ಟಿದ ಕೂಸಿಗೆ ಗೌರವದ ಪದ ನಮ್ಮಲ್ಲಿ ಯಾರೂ ಬಳಸಲಿಲ್ಲ ಎಂದು ಬರೆದಳು. ನನ್ನ ವಾಕ್ಯಕ್ಕಿಂತ ಇದು ಕಹಿ. ಆದರೆ ಇದು ನಿಜ, ಹಾಗಾಗಿ ನಿಲ್ಲುತ್ತದೆ.

ಒಪ್ಪಿಸುವ ಮುಂಚೆ ಆ ಪುಟವನ್ನು ನನಗೆ ಕಳಿಸಿದಳು. ಅಡಿಟಿಪ್ಪಣಿಯಲ್ಲಿ ‘ಈ ಪ್ರಯೋಗ ಕಲ್ಪಿತವೆಂದು ಮಾಜಿ ಸಂಪಾದಕಿಯೊಬ್ಬರು ತಿಳಿಸಿದ್ದಾರೆ’ ಎಂದಿತ್ತು. ಕೂಡಲೇ ಫೋನ್ ಮಾಡಿದೆ.

“ಒಬ್ಬರು ಅಂದರೆ ಯಾರು? ನನ್ನ ಹೆಸರು ಹಾಕು.”

“ಪ್ರಬಂಧ ಲೈಬ್ರರಿಯಾಗ ಇರ್ತೈತ್ರಿ ಮೇಡಂ. ಎಲ್ಲಾರೂ ಓದ್ತಾರ. ನಿಮಗ ನಾಚಿಕಿ ಆಗಂಗಿಲ್ಲೇನ್ರಿ?”

“ಆಗ್ತದೆ” ಎಂದೆ. “ಹೆಸರು, ಊರು, ಯಾರಿಗೆ ಅಂದದ್ದು, ಮೂರೂ ಬೇಕು. ಬರ್ಕೋ, ಹೇಳ್ತೇನೆ.”